ಜಕಾತಿ ನಾಕಾ ಹೋಯಿತು, ಗಡಿಯ ಗೇಟು ಉಳಿಯಿತು

ಮುಂಬಯಿ: ಮುಲುಂಡ್ ಕಡೆಗೆ ಹೋಗುವ ಬಸ್ಸುಗಳ ಹಣೆಯ ಮೇಲೆ 'ಚೆಕ್ ನಾಕಾ' ಎಂಬ ಹೆಸರು ಇಂದಿಗೂ ಉಳಿದಿದೆ. ಅಲ್ಲಿ ಏನನ್ನು ಚೆಕ್ ಮಾಡುತ್ತಿದ್ದರು ಎಂಬುದು ಈಗಿನ ಕಾಲೇಜು ಹುಡುಗರಿಗೆ ತಿಳಿದಿರಲಾರದು. ಆದರೆ ನಗರದ ಹಿರಿಯ ಹೊಟೇಲು ಉದ್ಯಮಿಗಳಿಗೆ, ಬಟ್ಟೆ, ಪಾತ್ರೆ, ಕಿರಾಣಿ ವ್ಯಾಪಾರದಲ್ಲಿ ಕೂದಲು ನೆರೆಸಿಕೊಂಡ ಕನ್ನಡಿಗರಿಗೆ ಅದನ್ನು ವಿವರಿಸಬೇಕಾಗಿಲ್ಲ. ದಹಿಸರ್, ಮುಲುಂಡ್, ಐರೋಲಿ, ವಾಶಿ - ನಗರದ ಈ ಹೆಬ್ಬಾಗಿಲುಗಳಲ್ಲಿ ಸರಕಿನ ಲಾರಿಗಳು ಸಾಲುಗಟ್ಟಿ ನಿಂತು, ಬಿಲ್ಲು ತೋರಿಸಿ, ಜಕಾತಿ ಕಟ್ಟಿ, ರಸೀದಿ ಪಡೆದ ಮೇಲೆಯೇ ಒಳಗೆ ಬರಬೇಕಿತ್ತು. ರಾತ್ರಿ ಬಂದ ಲಾರಿ ಬೆಳಗಾದ ಮೇಲೆ ಒಳಗೆ ಬಂದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ ಜಾರಿಗೆ ಬಂದಾಗ ಮುಂಬಯಿಯ ಜಕಾತಿ ಕೊನೆಗೊಂಡಿತು. ನಾಕಾ ಹೋಯಿತು, ಹೆಸರು ಉಳಿಯಿತು. ಬೆಂಗಳೂರಿನ ಸುಂಕದಕಟ್ಟೆಯಲ್ಲಾಗಲಿ, ಬಜಪೆ ಬಳಿಯ ಸುಂಕದಕಟ್ಟೆಯಲ್ಲಾಗಲಿ ಇಂದು ಯಾರೂ ಸುಂಕ ಕಟ್ಟುವುದಿಲ್ಲವಷ್ಟೆ.

ಇದಕ್ಕೆ ತದ್ವಿರುದ್ಧವಾದ ಘಟನೆ 2025ರ ಜೂನ್ ತಿಂಗಳಲ್ಲಿ ಕರ್ನಾಟಕ-ಆಂಧ್ರ ಗಡಿಯಲ್ಲಿ ನಡೆಯಿತು. ಅಲ್ಲಿ ತೆರಿಗೆಯ ನಾಕಾ ಇರಲಿಲ್ಲ, ಆದರೂ ಲಾರಿಗಳು ನಿಂತವು. ಹೊರರಾಜ್ಯದ ತೋತಾಪುರಿ ಮಾವು ತನ್ನ ಜಿಲ್ಲೆಯೊಳಗೆ ಬರಕೂಡದೆಂದು ಚಿತ್ತೂರಿನ ಜಿಲ್ಲಾಧಿಕಾರಿ ಜೂನ್ 7ರಂದು ಆದೇಶ ಹೊರಡಿಸಿದರು. ಕಂದಾಯ, ಪೊಲೀಸು, ಅರಣ್ಯ, ಮಾರುಕಟ್ಟೆ ಇಲಾಖೆಗಳ ತಂಡಗಳು ಗಡಿಯಲ್ಲಿ ಕಾವಲಿಗೆ ನಿಂತವು. ಕೋಲಾರ ಜಿಲ್ಲೆಯ, ಅದರಲ್ಲೂ ಶ್ರೀನಿವಾಸಪುರ ಸೀಮೆಯ ಬೆಳೆಗಾರರು ಲಾಗಾಯ್ತಿನಿಂದ ತೋತಾಪುರಿಯನ್ನು ಕಳುಹಿಸುತ್ತಿದ್ದುದು ಚಿತ್ತೂರಿನ ಪಲ್ಪ್ ಕಾರ್ಖಾನೆಗಳಿಗೆ. ತೋತಾಪುರಿ ತಿನ್ನುವ ಹಣ್ಣಿಗಿಂತ ಹೆಚ್ಚಾಗಿ ರಸ ತೆಗೆಯುವ ಹಣ್ಣು. ಕಾರ್ಖಾನೆಯ ಬಾಗಿಲು ಮುಚ್ಚಿದರೆ ಅದಕ್ಕೆ ಬೇರೆ ಗಿರಾಕಿ ಸಿಗುವುದು ಕಷ್ಟ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜೂನ್ 11ರಂದು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದು ಆದೇಶವನ್ನು ಹಿಂದೆಗೆದುಕೊಳ್ಳುವಂತೆ ಕೋರಿದರು. ಪತ್ರ ಹೋಗಿ ಉತ್ತರ ಬರುವವರೆಗೆ ಹಣ್ಣು ಕಾಯುವುದಿಲ್ಲ ಎಂಬುದು ಮಾವಿನ ಮಂಡಿಯಲ್ಲಿ ನಿಂತವರಿಗೆಲ್ಲ ಗೊತ್ತಿರುವ ವಿಷಯ.

ತೆರಿಗೆಗಾಗಿ ಲಾರಿ ನಿಲ್ಲಿಸುವ ಕಾಲ ಹೆಚ್ಚುಕಡಿಮೆ ಮುಗಿಯಿತು. ತನ್ನ ಬೆಳೆಗಾರನನ್ನು, ತನ್ನ ಕಾರ್ಖಾನೆಯನ್ನು ಕಾಯುವ ಹೆಸರಿನಲ್ಲಿ ಲಾರಿ ನಿಲ್ಲಿಸುವ ಕಾಲ ಮಾತ್ರ ಮುಗಿದಿಲ್ಲ.

ಹಿಂದಿನ ಕಾಲ ಹೇಗಿತ್ತೆಂಬುದನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಒಳ್ಳೆಯದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದ ಸರಕಿಗೆ 1956ರ ಕಾನೂನಿನಂತೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಶೇ. 4 ಇದ್ದ ದರ 2007ರ ಏಪ್ರಿಲ್‌ನಲ್ಲಿ ಶೇ. 3ಕ್ಕೆ, 2008ರ ಜೂನ್‌ನಲ್ಲಿ ಶೇ. 2ಕ್ಕೆ ಇಳಿಯಿತು. ಹೆಸರು 'ಕೇಂದ್ರ' ಎಂದಿದ್ದರೂ ಹಣ ಸೇರುತ್ತಿದ್ದುದು ಮಾರುವ ರಾಜ್ಯಕ್ಕೆ. ಕೊಂಡ ವ್ಯಾಪಾರಿಗೆ ಅದರ ಮುಜರಾ ಸಿಗುತ್ತಿರಲಿಲ್ಲ. ಅದನ್ನು ತಪ್ಪಿಸಲು ಕಂಪೆನಿಗಳು ರಾಜ್ಯಕ್ಕೊಂದು ಗೋದಾಮು ತೆರೆದು, ಮಾರಾಟವಲ್ಲ, ತಮ್ಮದೇ ದಾಸ್ತಾನು ಸಾಗಿಸುತ್ತಿದ್ದೇವೆ ಎಂದು ತೋರಿಸುತ್ತಿದ್ದವು. ಅದರ ಮೇಲೆ ಪ್ರವೇಶ ತೆರಿಗೆ, ಅದರ ಮೇಲೆ ನಗರದ ಜಕಾತಿ. ಮುಂಬಯಿಯ ಜಕಾತಿ ಮೇರೆಯ ಆಚೆಗೆ ಭಿವಂಡಿಯಲ್ಲಿ ಗೋದಾಮುಗಳ ಸಾಲು ಬೆಳೆದುದರ ಹಿಂದೆ ಈ ಲೆಕ್ಕಾಚಾರವೂ ಇತ್ತು. ಕರ್ನಾಟಕವು ಜಕಾತಿಯನ್ನು 1979ರಲ್ಲೇ ಕೈಬಿಟ್ಟು ಪ್ರವೇಶ ತೆರಿಗೆ ತಂದಿತ್ತು. ಆದ್ದರಿಂದ ಊರಿನಿಂದ ಬಂದು ಇಲ್ಲಿ ಅಂಗಡಿ ತೆರೆದವರಿಗೆ ಮುಂಬಯಿಯ ನಾಕಾ ಒಂದು ಹೊಸ ಪಾಠವೇ ಆಗಿತ್ತು. ಪುಣೆಯವರಿಗಾದರೋ ಇನ್ನೊಂದು ನೆನಪಿದೆ. ಜಕಾತಿ ತೆಗೆದು ಅದರ ಜಾಗದಲ್ಲಿ 'ಎಲ್‌ಬಿಟಿ' ಎಂಬ ಸ್ಥಳೀಯ ಸಂಸ್ಥೆ ತೆರಿಗೆ ತಂದಾಗ 2013ರಲ್ಲಿ ವ್ಯಾಪಾರಿಗಳು ಅಂಗಡಿ ಮುಚ್ಚಿ ಕುಳಿತಿದ್ದರು. 2015ರ ಆಗಸ್ಟ್‌ನಲ್ಲಿ ಬಹುತೇಕ ವ್ಯಾಪಾರಿಗಳ ಮಟ್ಟಿಗೆ ಅದೂ ರದ್ದಾಯಿತು.

ಜಿಎಸ್‌ಟಿ ಬಂದ ಕೆಲವೇ ದಿನಗಳಲ್ಲಿ 22 ರಾಜ್ಯಗಳು ವಾಣಿಜ್ಯ ತೆರಿಗೆಯ ತಪಾಸಣಾ ಕೇಂದ್ರಗಳನ್ನು ಎತ್ತಿಹಾಕಿದವು. ನಾಕಾದ ಜಾಗಕ್ಕೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂದಿತು. 50 ಸಾವಿರ ರೂಪಾಯಿಗೆ ಮೀರಿದ ಸರಕಾದರೆ ಲಾರಿ ಹೊರಡುವ ಮೊದಲೇ ಅಂತರ್ಜಾಲದಲ್ಲಿ ವಿವರ ತುಂಬಿಸಿದರಾಯಿತು. ದಾರಿಯಲ್ಲಿ ಎಲ್ಲ ಲಾರಿಗಳನ್ನೂ ಸಾಲಾಗಿ ನಿಲ್ಲಿಸಬೇಕಾಗಿಲ್ಲ. ಈ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡಬಹುದು. ಜಿಎಸ್‌ಟಿಗೆ ವರ್ಷಗಳ ಮೊದಲೇ 'ಇ-ಸುಗಮ' ಎಂಬ ಹೆಸರಿನಲ್ಲಿ ಇಂಥದೇ ವ್ಯವಸ್ಥೆಯನ್ನು ಅದು ನಡೆಸುತ್ತಿತ್ತು. ದೇಶದ ಇ-ವೇ ಬಿಲ್‌ಗೆ ಅದೊಂದು ಮಾದರಿಯಾಯಿತು.

ನಾಕಾ ಎತ್ತಿದಾಗ ನಷ್ಟ ಯಾರಿಗೆ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಮುಂಬಯಿ ಮಹಾನಗರ ಪಾಲಿಕೆಗೆ ಜಕಾತಿಯಿಂದ ಕೊನೆಯ ವರ್ಷ ಬಂದ ಆದಾಯ ಸುಮಾರು 7 ಸಾವಿರ ಕೋಟಿ ರೂಪಾಯಿ. ಇದು ಎಷ್ಟೋ ಸಣ್ಣ ರಾಜ್ಯಗಳ ಸ್ವಂತ ತೆರಿಗೆಯನ್ನೂ ಮೀರಿಸುವ ಮೊತ್ತ. ಅದರ ಬದಲಿಗೆ ರಾಜ್ಯ ಸರಕಾರ ಪರಿಹಾರ ನೀಡುವ ಕಾನೂನು ಮಾಡಿತು. ವರ್ಷಕ್ಕೆ ಶೇ. 8ರಂತೆ ಏರಿಕೆ, ತಿಂಗಳು ತಿಂಗಳು ಸಂದಾಯ ಎಂಬುದು ವ್ಯವಸ್ಥೆ. 2017ರ ಜುಲೈನಲ್ಲಿ ಮೊದಲ ಕಂತಾಗಿ 647 ಕೋಟಿಯ ಚೆಕ್ಕು ಪಾಲಿಕೆಗೆ ಬಂದಿತು. ಶೇ. 8ರ ಚಕ್ರಬಡ್ಡಿಯ ಲೆಕ್ಕದಲ್ಲಿ ಮೊತ್ತ ಒಂಬತ್ತು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ, ಆದ್ದರಿಂದ ಪಾಲಿಕೆ ಬಡವಾಯಿತು ಎನ್ನುವಂತಿಲ್ಲ. ಆದರೆ ತನ್ನ ಬಾಗಿಲಲ್ಲಿ ತಾನೇ ವಸೂಲು ಮಾಡುತ್ತಿದ್ದ ಸಂಸ್ಥೆ ಈಗ ಮಂತ್ರಾಲಯದ ಚೆಕ್ಕಿಗೆ ಕಾಯುತ್ತದೆ. ರಾಜ್ಯಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ವರ್ಷಕ್ಕೆ ಶೇ. 14ರ ಆದಾಯ ವೃದ್ಧಿಯ ಭರವಸೆಯೊಂದಿಗೆ ಜಿಎಸ್‌ಟಿಗೆ ಬಂದ ರಾಜ್ಯಗಳಿಗೆ ಆ ಪರಿಹಾರ 2022ರ ಜೂನ್‌ಗೆ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ದರಗಳನ್ನು ಮುಖ್ಯವಾಗಿ ಶೇ. 5 ಮತ್ತು ಶೇ. 18ಕ್ಕೆ ಇಳಿಸುವಾಗ ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳು ಆದಾಯದ ಕೊರತೆಯ ಮಾತೆತ್ತಿದವು. ಅದನ್ನು ಕೇವಲ ರಾಜಕೀಯವೆಂದು ತಳ್ಳಿಹಾಕುವುದು ಸರಿಯಲ್ಲ. ತೆರಿಗೆಯ ಹಕ್ಕನ್ನು ದೇಶದ ಮಾರುಕಟ್ಟೆಗಾಗಿ ಬಿಟ್ಟುಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಾದರೂ ಇರಬೇಕಲ್ಲ!

ರಸ್ತೆಯ ಮೇಲಿನ ಉಳಿದ ಅಡ್ಡಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಾಹನದ ದಾಖಲೆಗಳೆಲ್ಲ ಅಂತರ್ಜಾಲದಲ್ಲಿ ಸಿಗುವಾಗ ಗಡಿಯಲ್ಲಿ ಆರ್‌ಟಿಒ ಚೆಕ್‌ಪೋಸ್ಟ್ ಯಾಕೆ ಎಂದು ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲೇ ರಾಜ್ಯಗಳನ್ನು ಕೇಳಿತ್ತು. ಗುಜರಾತ್ ಅದಕ್ಕೂ ಮೊದಲು, 2019ರ ನವೆಂಬರ್‌ನಲ್ಲಿ ಅವನ್ನು ಮುಚ್ಚಿತು. ಮಧ್ಯಪ್ರದೇಶ 2024ರ ಜುಲೈ 1ರಂದು ಮುಚ್ಚಿತು. ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಲಘು ವಾಹನಗಳಿಗೆ ಟೋಲ್ ಮನ್ನಾ ಆದದ್ದು 2024ರ ಅಕ್ಟೋಬರ್‌ನಲ್ಲಿ. ಅಂದು ಕಾರಿನವರು ಸಂಭ್ರಮಿಸಿದರು. ತರಕಾರಿ ತರುವ ಭಾರೀ ಲಾರಿಗೆ ಆ ಮನ್ನಾ ಅನ್ವಯಿಸಲಿಲ್ಲ.

ಮತ್ತೆ ಮಾವಿನ ವಿಷಯಕ್ಕೆ ಬಂದರೆ, ಆಂಧ್ರದ ವಾದವನ್ನೂ ಕೇಳಬೇಕು. ಆ ವರ್ಷ ತೋತಾಪುರಿಯ ಬೆಲೆ ಕುಸಿದಾಗ ಅಲ್ಲಿನ ಸರಕಾರವು ಕಾರ್ಖಾನೆಗಳು ಕಿಲೊಗೆ 8 ರೂಪಾಯಿ ಕೊಡಬೇಕು, ಸರಕಾರ 4 ರೂಪಾಯಿ ಸೇರಿಸುತ್ತದೆ, ರೈತನಿಗೆ ಒಟ್ಟು 12 ರೂಪಾಯಿ ಸಿಗುತ್ತದೆ ಎಂದು ಗೊತ್ತುಮಾಡಿತ್ತು. ಗಡಿಯಾಚೆ ಹಣ್ಣು ಅದಕ್ಕಿಂತ ಅಗ್ಗವಾಗಿದ್ದರೆ ಕಾರ್ಖಾನೆಯವರು ಅದನ್ನೇ ತರಿಸುತ್ತಾರೆ. ಚಿತ್ತೂರಿನ ರೈತನ ಹಣ್ಣು ತೋಟದಲ್ಲೇ ಉಳಿಯುತ್ತದೆ. ಭಯ ಸುಳ್ಳಲ್ಲ. ಆದರೆ ಔಷಧ ಸರಿಯಾದುದೇ? ಸರಕಾರ ಕೊಡುವ 4 ರೂಪಾಯಿ ತನ್ನ ರೈತನಿಗೇ ಸಿಗಬೇಕೆಂದಿದ್ದರೆ ಪಹಣಿ ನೋಡಿ ಅವನ ಬ್ಯಾಂಕ್ ಖಾತೆಗೆ ಹಾಕಬಹುದು. ಅದಕ್ಕೆ ಲಾರಿ ನಿಲ್ಲಿಸಬೇಕಾಗಿಲ್ಲ. ಬೆಲೆಯನ್ನು ಒಂದು ಜಿಲ್ಲೆಯಲ್ಲಿ ಆದೇಶದಿಂದ ಏರಿಸಿ, ಪಕ್ಕದ ಜಿಲ್ಲೆಯನ್ನು ಬಿಟ್ಟುಬಿಟ್ಟರೆ ಗಡಿಗೆ ಗೇಟು ಹಾಕದೆ ಬೇರೆ ದಾರಿಯೇ ಇರುವುದಿಲ್ಲ. ಕೊನೆಗೆ ಕೇಂದ್ರವು ಕರ್ನಾಟಕದ ಎರಡೂವರೆ ಲಕ್ಷ ಟನ್ ಮಾವಿಗೆ ಕ್ವಿಂಟಾಲಿಗೆ 1,616 ರೂಪಾಯಿಯಂತೆ ಬೆಲೆ ವ್ಯತ್ಯಾಸ ಪಾವತಿಗೆ ಒಪ್ಪಿಗೆ ನೀಡಿತು. ಎರಡೂ ಕಡೆಯ ಬೆಳೆಗಾರರಿಗೆ ಒಂದೇ ಹೊತ್ತಿಗೆ, ಹಂಗಾಮಿನ ಆರಂಭದಲ್ಲೇ ಇಂಥ ಒಪ್ಪಂದ ಆಗಿದ್ದಲ್ಲಿ ಜೂನ್ 7ರ ಆದೇಶಕ್ಕೆ ನೆಪವೇ ಸಿಗುತ್ತಿರಲಿಲ್ಲ.

ಮುಂಬಯಿ ಕನ್ನಡಿಗರು ಇದನ್ನು ವಾಶಿಯ ಎಪಿಎಂಸಿ ಮಾರುಕಟ್ಟೆಯ ಅನುಭವಕ್ಕೆ ಹೋಲಿಸಿ ನೋಡಬಹುದು. ಪ್ರತಿ ಬೇಸಗೆಯಲ್ಲೂ ಕರ್ನಾಟಕದ ಮಾವು ಇಲ್ಲಿಗೆ ಬರುತ್ತದೆ. ಅದನ್ನು ರತ್ನಾಗಿರಿ, ದೇವಗಡದ ಹಾಪುಸ್ ಎಂದು ಮಾರುತ್ತಾರೆಂಬ ದೂರೂ ಬರುತ್ತದೆ. ಕೊಂಕಣದ ಬೆಳೆಗಾರರ ಈ ದೂರಿನಲ್ಲಿ ನ್ಯಾಯವಿದೆ. ಅದಕ್ಕಾಗಿಯೇ ರತ್ನಾಗಿರಿ, ಸಿಂಧುದುರ್ಗ ಮತ್ತು ಸುತ್ತಲಿನ ಜಿಲ್ಲೆಗಳ ಹಾಪುಸ್‌ಗೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಪೆಟ್ಟಿಗೆಯ ಮೇಲೆ ಸುಳ್ಳು ಹೆಸರು ಬರೆಯಬಾರದು ಅಷ್ಟೆ, ಹಣ್ಣು ಬರಲು ಅಡ್ಡಿಯಿಲ್ಲ. ಬೇಲಿಯನ್ನು ಹೆಸರಿಗೆ ಹಾಕಿದರು, ದಾರಿಗೆ ಹಾಕಲಿಲ್ಲ.

ಕಬ್ಬಿನ ವಿಷಯದಲ್ಲಿ ಮಾತ್ರ ಮಹಾರಾಷ್ಟ್ರ ಇಷ್ಟು ಉದಾರವಾಗಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮಳೆ ಕಡಿಮೆಯಾಗಿ ಕಬ್ಬಿನ ಕೊರತೆಯಾಗಲಿದೆ ಎಂದಾದಾಗ, ಹೊರರಾಜ್ಯಕ್ಕೆ ಕಬ್ಬು ಸಾಗಿಸಬಾರದೆಂದು ಅಧಿಸೂಚನೆ ಹೊರಟಿತು. ಅದರ ಬಾಣ ನೆಟ್ಟಿದ್ದುದು ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳತ್ತ. ಆದರೆ ಮೊದಲು ಪ್ರತಿಭಟಿಸಿದವರು ಕರ್ನಾಟಕದವರಲ್ಲ. ಕೊಲ್ಹಾಪುರ, ಸಾಂಗಲಿ ಸೀಮೆಯ ರೈತ ಸಂಘಟನೆಯೇ, ಹೆಚ್ಚು ಬೆಲೆ ಕೊಡುವ ಕಾರ್ಖಾನೆಗೆ ಕಬ್ಬು ಹಾಕುವ ಹಕ್ಕು ತಮ್ಮದೆಂದು ಎದ್ದು ನಿಂತಿತು. ಕೆಲವೇ ದಿನಗಳಲ್ಲಿ ಅಧಿಸೂಚನೆ ಹಿಂದೆ ಹೋಯಿತು. ಗಡಿ ಮುಚ್ಚುವುದು ರೈತನ ಹಿತಕ್ಕೆ ಎಂದು ಹೇಳುವಾಗ, ಯಾವ ರೈತ ಎಂದು ಕೇಳುವ ರೂಢಿ ಇರಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇನ್ನು ಹಾಲು. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರಲು ಬರುತ್ತದೆಂದಾಗ ಕರ್ನಾಟಕದಲ್ಲಿ ಎದ್ದ ಬಿರುಗಾಳಿ ಎಲ್ಲರಿಗೂ ನೆನಪಿದೆ. ಚುನಾವಣೆಯ ಹೊಸ್ತಿಲು ಬೇರೆ. ಬೆಂಗಳೂರಿನ ಹೊಟೇಲು ಮಾಲಕರ ಸಂಘ ನಂದಿನಿಯನ್ನೇ ಬಳಸುವುದಾಗಿ ಹೇಳಿತು. ಅದರ ಮರುತಿಂಗಳೇ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್, ಆವಿನ್‌ನ ಹಾಲು ಸಂಗ್ರಹ ಪ್ರದೇಶಕ್ಕೆ ಅಮುಲ್ ಕೈಹಾಕುತ್ತಿದೆ ಎಂದು ಕೇಂದ್ರಕ್ಕೆ ಪತ್ರ ಬರೆದರು. ಅದೇ ವರ್ಷ ನಂದಿನಿ ಕೇರಳದಲ್ಲಿ ಮಳಿಗೆ ತೆರೆದಾಗ ಅಲ್ಲಿನ ಮಿಲ್ಮಾ ಆಕ್ಷೇಪಿಸಿತು. ಬೆಂಗಳೂರಿನಲ್ಲಿ ಅಮುಲ್ ವಿರುದ್ಧ ಕೇಳಿಬಂದ ಮಾತುಗಳೇ ಕೇರಳದಲ್ಲಿ ನಂದಿನಿಯ ವಿರುದ್ಧ ಕೇಳಿಬಂದವು! 2024ರ ನವೆಂಬರ್ 21ರಂದು ನಂದಿನಿ ದಿಲ್ಲಿಗೆ ಕಾಲಿಟ್ಟಾಗ ಅಲ್ಲಿನ ಕನ್ನಡಿಗರು ಸಂಭ್ರಮಪಟ್ಟಿದ್ದು ಸಹಜವೇ. ದಿಲ್ಲಿಯವರು ಗೇಟು ಹಾಕಿದ್ದರೆ ಆ ಸಂಭ್ರಮ ಎಲ್ಲಿರುತ್ತಿತ್ತು?

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗ್ರಾಹಕರೋ, ಹೊಟೇಲಿನವರೋ ತಮಗೆ ಬೇಕಾದ ಹಾಲನ್ನೇ ಕೊಳ್ಳುತ್ತೇವೆಂದರೆ ಅದು ವ್ಯಾಪಾರಕ್ಕೆ ಅಡ್ಡಿಯಲ್ಲ, ಅದೇ ವ್ಯಾಪಾರ. ಸರಕಾರ ಪೊಲೀಸರನ್ನು ನಿಲ್ಲಿಸಿದರೆ ಮಾತ್ರ ಅಡ್ಡಿ. ಕರ್ನಾಟಕ ಸರಕಾರ ಅಮುಲ್‌ಗೆ ನಿಷೇಧ ಹಾಕಲಿಲ್ಲ ಎಂಬುದು ಅದರ ಗೌರವವನ್ನು ಹೆಚ್ಚಿಸಿದ ಸಂಗತಿ. ಚಿತ್ತೂರಿನ ವಿಷಯದಲ್ಲಿ ಗಟ್ಟಿಯಾಗಿ ಮಾತನಾಡಲು ಅದಕ್ಕೆ ಬಾಯಿ ಉಳಿದದ್ದೂ ಇದರಿಂದಲೇ. ಸಹಕಾರಿ ಸಂಘಗಳು ಒಂದರ ಹಳ್ಳಿಗೆ ಇನ್ನೊಂದು ಹೋಗಿ ಹಾಲು ಸಂಗ್ರಹಿಸಬಾರದೆಂದು ತಮ್ಮೊಳಗೆ ಹಾಕಿಕೊಂಡ ಮರ್ಯಾದೆ ಬೇರೆ ವಿಷಯ. ಅದನ್ನು ಅವೇ ಕುಳಿತು ಬಗೆಹರಿಸಿಕೊಳ್ಳಲಿ.

ದೊಡ್ಡ ಲಾರಿಗಳ ಈ ಜಗಳದ ನಡುವೆ ಯಾರ ಕಣ್ಣಿಗೂ ಬೀಳದ ಒಂದು ಗೇಟು ಜಿಎಸ್‌ಟಿ ಕಾನೂನಿನ ಒಳಗೇ ಇದೆ. ಪರವೂರಿನ ಕನ್ನಡಿಗರಿಗೆ ಹೆಚ್ಚು ಸಂಬಂಧಿಸಿದ್ದು ಅದೇ. ಕಾರ್ಕಳದಲ್ಲಿ ಮನೆಯಲ್ಲೇ ಮಿಡಿ ಉಪ್ಪಿನಕಾಯಿ, ಚಕ್ಕುಲಿ ಮಾಡಿ ಮಾರುವ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ಅವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ರಾಜ್ಯದ ಇನ್ನೊಂದು ತುದಿಯ ಬೀದರಿಗೆ ಕಳುಹಿಸಿದರೂ ಅಡ್ಡಿಯಿಲ್ಲ. ಆದರೆ ತಲಪಾಡಿ ದಾಟಿ ಕಾಸರಗೋಡಿನ ಅಂಗಡಿಗೆ, ಅಥವಾ ಡೊಂಬಿವಲಿಯ ಅಂಗಡಿಗೆ ಒಂದೇ ಒಂದು ಡಬ್ಬ ಮಾರಬೇಕೆಂದರೂ ನೋಂದಣಿ ಕಡ್ಡಾಯ. ವಹಿವಾಟು 40 ಸಾವಿರವಿದ್ದರೂ ಅಷ್ಟೆ. ಆಮೇಲೆ ರಿಟರ್ನ್ ತುಂಬಿಸುವುದು, ಅದಕ್ಕೊಬ್ಬ ಲೆಕ್ಕಪತ್ರದವರು, ಅವರಿಗೆ ಸಂಬಳ. ಒಂದೂವರೆ ಕೋಟಿಯವರೆಗಿನ ವ್ಯಾಪಾರಿಗಳಿಗೆಂದು ಇರುವ ಸುಲಭದ ಕಾಂಪೊಸಿಷನ್ ಯೋಜನೆಯಲ್ಲಿದ್ದವರು ಸರಕನ್ನು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. 2023ರ ಅಕ್ಟೋಬರ್‌ನಿಂದ ಆನ್‌ಲೈನ್ ಮಳಿಗೆಗಳ ಮೂಲಕ ಮಾರುವ ಸಣ್ಣವರಿಗೆ ನೋಂದಣಿಯಿಂದ ವಿನಾಯಿತಿ ಕೊಟ್ಟರಾದರೂ ಅದೂ ಸ್ವಂತ ರಾಜ್ಯದೊಳಗೆ ಮಾತ್ರ. (ಹಪ್ಪಳಕ್ಕೆ ತೆರಿಗೆಯೇ ಇಲ್ಲದುದರಿಂದ ಹಪ್ಪಳವೊಂದನ್ನೇ ಮಾರುವವರು ಪಾರಾದರು!) ಹೀಗಾಗಿ ಬಿಲ್ಲಿಲ್ಲದೆ ಬಸ್ಸಿನಲ್ಲಿ ಪಾರ್ಸೆಲ್ ಹಾಕುವುದು, ಇಲ್ಲವೇ ಬಂದ ಆರ್ಡರನ್ನೇ ಬಿಟ್ಟುಬಿಡುವುದು - ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಪರಿಸ್ಥಿತಿ.

ಈ ನಿಯಮಕ್ಕೆ ಕಾರಣವಿಲ್ಲದಿಲ್ಲ. ಜಿಎಸ್‌ಟಿಯಲ್ಲಿ ತೆರಿಗೆ ಸೇರುವುದು ಸರಕನ್ನು ಬಳಸುವ ರಾಜ್ಯಕ್ಕೆ. ಮಾರಿದವರ ಲೆಕ್ಕವಿಲ್ಲದಿದ್ದರೆ ಮಹಾರಾಷ್ಟ್ರದ ಪಾಲು ಎಷ್ಟೆಂದು ತಿಳಿಯುವುದಿಲ್ಲ. ಆದರೆ ಕರಕುಶಲ ವಸ್ತು ಮಾರುವವರಿಗೆ 20 ಲಕ್ಷದವರೆಗೆ ಹೊರರಾಜ್ಯದ ಮಾರಾಟಕ್ಕೂ ನೋಂದಣಿಯಿಂದ ವಿನಾಯಿತಿ ಇದೆ. ಮರದ ಕೆತ್ತನೆಗೆ ಸಿಕ್ಕಿದ್ದು ಉಪ್ಪಿನಕಾಯಿಗೆ ಯಾಕೆ ಸಿಗಬಾರದು? ಸಣ್ಣ ವ್ಯಾಪಾರಿಗಳು ಆನ್‌ಲೈನ್ ಮಳಿಗೆಗಳ ಮೂಲಕ ಹಲವು ರಾಜ್ಯಗಳಿಗೆ ಮಾರುವುದನ್ನು ಸುಲಭಗೊಳಿಸುವ ನೋಂದಣಿ ವ್ಯವಸ್ಥೆಗೆ ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್ ಸಭೆಯಲ್ಲಿ ತಾತ್ವಿಕ ಒಪ್ಪಿಗೆ ನೀಡಿದೆ. ಒಳ್ಳೆಯದೇ. ಆದರೆ ಊರಿನವರಿಂದ ನೇರವಾಗಿ ತರಿಸುವ ಮಾಟುಂಗಾದ, ಭಾಂಡುಪ್‌ನ ಸಣ್ಣ ಅಂಗಡಿಗೆ ಅದರಿಂದ ಪ್ರಯೋಜನವಿಲ್ಲ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 301ನೇ ವಿಧಿ ದೇಶದಾದ್ಯಂತ ವ್ಯಾಪಾರ, ವಾಣಿಜ್ಯ, ಸಂಚಾರ ಮುಕ್ತವಾಗಿರತಕ್ಕದ್ದು ಎನ್ನುತ್ತದೆ. ರಾಜ್ಯವೊಂದು ಸಾರ್ವಜನಿಕ ಹಿತಕ್ಕಾಗಿ ಮಿತವಾದ ನಿರ್ಬಂಧ ಹಾಕಬಹುದು. ಆದರೆ 304ನೇ ವಿಧಿಯಂತೆ ಅದಕ್ಕೆ ಶಾಸನಸಭೆಯ ಕಾನೂನು ಬೇಕು, ಆ ಮಸೂದೆಗೆ ರಾಷ್ಟ್ರಪತಿಗಳ ಪೂರ್ವಾನುಮತಿ ಬೇಕು. ಜಿಲ್ಲಾಧಿಕಾರಿಯ ಆದೇಶವು ಶಾಸನಸಭೆಯ ಕಾನೂನಲ್ಲ. ತೆರಿಗೆಯ ವಿಷಯದಲ್ಲಿ 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ತಾರತಮ್ಯವಿಲ್ಲದ ತೆರಿಗೆಯಿಂದ 301ನೇ ವಿಧಿಗೆ ಧಕ್ಕೆಯಿಲ್ಲ ಎಂದು ಹೇಳಿ ಹಳೆಯ ಗೊಂದಲ ಬಗೆಹರಿಸಿತು. ಸಂವಿಧಾನ ಬಂದು 66 ವರ್ಷಗಳಾದ ಮೇಲೆ ಎಂಬುದನ್ನು ಗಮನಿಸಬೇಕು. ಕೋರ್ಟಿಗೆ ಹೋದರೆ ನ್ಯಾಯ ಸಿಗಬಹುದು, ಅಷ್ಟರಲ್ಲಿ ಹಣ್ಣು ಕೊಳೆತಿರುತ್ತದೆ.

ಸಂವಿಧಾನ ರಚಿಸಿದವರು ಇದನ್ನೂ ಯೋಚಿಸಿದ್ದರು. ಈ ವಿಧಿಗಳನ್ನು ನೋಡಿಕೊಳ್ಳಲು ಒಂದು ಪ್ರಾಧಿಕಾರವನ್ನು ಸಂಸತ್ತು ನೇಮಿಸಬಹುದೆಂದು 307ನೇ ವಿಧಿಯಲ್ಲಿ ಬರೆದಿಟ್ಟರು. 1988ರಲ್ಲಿ ವರದಿ ನೀಡಿದ ಸರ್ಕಾರಿಯಾ ಆಯೋಗ ಅದನ್ನು ಸ್ಥಾಪಿಸಿ ಎಂದಿತು. 2002ರಲ್ಲಿ ಸಂವಿಧಾನ ಪರಾಮರ್ಶೆ ಆಯೋಗವೂ ಅದನ್ನೇ ಹೇಳಿತು. ತೆರಿಗೆಗೆ ಜಿಎಸ್‌ಟಿ ಮಂಡಳಿ ಇದೆ. ತಡೆದ ಲಾರಿಗೆ, ಮೂರು ದಿನಗಳೊಳಗೆ ಎರಡೂ ರಾಜ್ಯಗಳನ್ನು ಕೂರಿಸಿ ಕೇಳುವವರಿಲ್ಲ.

ಕರ್ನಾಟಕದ ಸಚಿವರು ಮುಂಬಯಿ, ಪುಣೆಗೆ ಬಂದಾಗ ಕನ್ನಡ ಸಂಘಗಳು ಮನವಿಪತ್ರ ಕೊಡುವುದು ವಾಡಿಕೆ. ಭವನಕ್ಕೆ ಜಾಗ, ಕನ್ನಡ ಶಾಲೆಗೆ ಅನುದಾನ, ಊರಿನ ರೈಲಿಗೆ ಇನ್ನೊಂದು ನಿಲುಗಡೆ - ಇವು ಪ್ರತಿ ಬಾರಿಯೂ ಇರುವ ಬೇಡಿಕೆಗಳು, ಇರಬೇಕಾದವುಗಳೇ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೊಂದು ಕುರ್ಚಿ ಇದೆ, ಅಲ್ಲಿ ಕುಳಿತವರಿಗೆ ಮಾತನಾಡುವ ಹಕ್ಕಿದೆ. ಕಾರ್ಕಳದ ಉಪ್ಪಿನಕಾಯಿ ಡಬ್ಬ ಬಿಲ್ಲಿನೊಂದಿಗೆ ಡೊಂಬಿವಲಿಗೆ ಬರುವಂತಾಗಬೇಕೆಂಬ ಒಂದು ಸಾಲನ್ನು ಮುಂದಿನ ಮನವಿಪತ್ರಕ್ಕೆ ಸೇರಿಸಬಹುದು.